ಕೆಳಗೆ ಅಂಗಡಿ, ಮೇಲೆ ನಾನು

ಸೈಟು ನೋಡಲು ಹೋದ ಕಡೆಯೆಲ್ಲ ಮೊದಲು ಎದುರಾಗುತ್ತಿದ್ದದ್ದು ಒಂದೇ ಪ್ರಶ್ನೆ. "ಮನೇಲಿ ಎಷ್ಟ್ ಜನ ಮೇಡಂ?" ನಾನೊಬ್ಬಳೇ ಎಂದರೆ ಬ್ರೋಕರ್ ದನಿ ತಗ್ಗಿಸಿ, ತುಮಕೂರಿನ ಹೊರಗೆಲ್ಲೋ ಬೆಳೆಯುತ್ತಿರುವ ಹೊಸ ಬಡಾವಣೆಯೊಂದರ ಹೆಸರು ಹೇಳುತ್ತಿದ್ದ. "ನಿಮ್ಗೆ ಹೇಳಿ ಮಾಡ್ಸಿದಂಗದೆ. ಒಂದ್ ನರಪಿಳ್ಳೆ ಓಡಾಡಲ್ಲ. ನೆಮ್ಮದಿಯಾಗಿರ್ಬೋದು." ಒಂಟಿ ಹೆಂಗಸಿಗೆ ನಿಶ್ಶಬ್ದ ಬೇಕು ಎಂದು ಇವರಿಗೆಲ್ಲ ಯಾರು ಹೇಳಿಕೊಟ್ಟರೋ. ನರಪಿಳ್ಳೆ ಓಡಾಡದ ಕಡೆ ಇರುವವರಿಗೆ ನೆಮ್ಮದಿ ಸಿಗುತ್ತದೆ ಎಂದು ನಂಬುವವರನ್ನು ಒಂದು ವಾರ ಅಲ್ಲಿ ಬಿಟ್ಟು ಬರಬೇಕು ಅನ್ನಿಸುತ್ತಿತ್ತು.

ನಾನು ಗುಬ್ಬಿಯಲ್ಲಿ ಹೈಸ್ಕೂಲಿನ ಪಿ.ಟಿ. ಮೇಡಂ ಆಗಿದ್ದವಳು. ಬಿಸಿಲು, ದೂಳು, ಖೋ ಖೋ ಅಂಕಣದ ಸುಣ್ಣದ ಗೆರೆ, ನೂರಾರು ಮಕ್ಕಳ ಕೂಗಾಟ ಇವುಗಳ ನಡುವೆ ನನ್ನ ಆಯುಷ್ಯ ಕಳೆದಿತ್ತು. ಮೈಕು ಕೆಟ್ಟರೆ ಹೆಡ್ಮಾಸ್ಟರು ನನ್ನನ್ನೇ ಕರೆಯುತ್ತಿದ್ದರು. ನಾನು ಮೈದಾನದ ಈ ತುದಿಯಲ್ಲಿ ನಿಂತು "ಏಯ್, ಸಾಲು!" ಎಂದರೆ ಆ ತುದಿಯ ಹುಡುಗರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಮದುವೆ ಆಗಲಿಲ್ಲ. ಅದಕ್ಕೆ ದೊಡ್ಡ ಕತೆಯೇನೂ ಇಲ್ಲ. ಅಪ್ಪ ಬೇಗ ಹೋದರು, ಅಮ್ಮ ನನ್ನ ಜೊತೆ ಇದ್ದರು, ಬಂದ ಸಂಬಂಧಗಳಲ್ಲಿ ಯಾರಿಗೂ ಅಮ್ಮ ಬೇಕಿರಲಿಲ್ಲ, ನನಗೆ ಅವರು ಬೇಕಿರಲಿಲ್ಲ. ಒಡಹುಟ್ಟಿದವರು ಯಾರೂ ಇಲ್ಲ. ನಿವೃತ್ತಿಗೆ ಸ್ವಲ್ಪ ಮುಂಚೆ ಅಮ್ಮನೂ ತೀರಿಕೊಂಡರು. ಗುಬ್ಬಿಯ ಬಾಡಿಗೆ ಮನೆಯಲ್ಲಿ ಅಮ್ಮನ ಮಂಚ ಇದ್ದ ಜಾಗವನ್ನು ದಿನಾ ದಾಟಿಕೊಂಡು ಅಡುಗೆಮನೆಗೆ ಹೋಗುವುದು ಆಗದೆ ನಾನು ತುಮಕೂರಿಗೆ ಬಂದೆ. ಬಾಡಿಗೆಗೆಂದು ಬಂದು ಬಿದ್ದದ್ದು ಅಂಥದ್ದೇ ಒಂದು ನೆಮ್ಮದಿಯ ಬಡಾವಣೆಗೆ.

ಅಲ್ಲಿ ಎಲ್ಲರ ಗೇಟಿಗೂ ಬೀಗ. ಬೆಳಿಗ್ಗೆ ಕಾರುಗಳು ಹೋಗುತ್ತಿದ್ದವು, ಸಂಜೆ ಕಾರುಗಳು ಬರುತ್ತಿದ್ದವು. ಒಂದು ದಿನ ಸೊಪ್ಪಿನವಳು ಬಾಗಿಲಿಗೆ ಬಂದಾಗ ದಂಟಿನ ಸೊಪ್ಪು ಎಷ್ಟಮ್ಮ ಎಂದು ಕೇಳಲು ಬಾಯಿ ತೆರೆದೆ. ಗಂಟಲಿನಿಂದ ಗಾಳಿ ಬಂತು, ಮಾತು ಬರಲಿಲ್ಲ. ಕೆಮ್ಮಿ ಸರಿಮಾಡಿಕೊಂಡು ಯೋಚಿಸಿದರೆ, ಹಿಂದಿನ ದಿನವಾಗಲಿ ಅದರ ಹಿಂದಿನ ದಿನವಾಗಲಿ ನಾನು ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲ. ಇಡೀ ಮೈದಾನಕ್ಕೆ ಕೇಳಿಸುತ್ತಿದ್ದ ಗಂಟಲು ಅದು. ಬಾಗಿಲು ಹಾಕಿಕೊಂಡು ಅತ್ತೆ. ಅವತ್ತೇ ತೀರ್ಮಾನ ಮಾಡಿದೆ. ನಿವೃತ್ತಿಯಲ್ಲಿ ಬಂದದ್ದನ್ನೆಲ್ಲ ಸುರಿದಾದರೂ ಸರಿ, ಊರಿನ ಗದ್ದಲದ ನಡುವೆ ಒಂದು ತುಂಡು ಜಾಗ ಕೊಳ್ಳಬೇಕು. ಕೆಳಗೆ ಅಂಗಡಿ ಇರಬೇಕು, ಮೇಲೆ ನಾನು ಇರಬೇಕು. ಬೆಳಿಗ್ಗೆ ಶೆಟರ್ ಎತ್ತುವ ಸದ್ದಿಗೆ ಎಚ್ಚರವಾಗಬೇಕು.

ಇದನ್ನು ಹೇಳಿದಾಗ ನಮ್ಮ ಬ್ರೋಕರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೊದಲು ಆಟೋ ಓಡಿಸುತ್ತಿದ್ದವನು, ಆಮೇಲೆ ಸೈಟಿನ ವ್ಯವಹಾರಕ್ಕೆ ಇಳಿದಿದ್ದ. ಬಾಯ್ತುಂಬ ಮಾತು. "ಬಾಡ್ಗೆ ಆಸೆಗಾ ಮೇಡಂ?" ಎಂದ. ಬಾಡಿಗೆ ಬಂದರೆ ಬರಲಿ, ನನಗೆ ಸದ್ದು ಬೇಕು ಎಂದೆ. "ಸದ್ದಾ?" ಎಂದು ಕೇಳಿ ತಲೆ ಕೆರೆದುಕೊಂಡ. ಆದರೂ ಅವನೇ ಆ ಜಾಗ ತೋರಿಸಿದ್ದು.

ಗುಬ್ಬಿ ಗೇಟಿನಿಂದ ಸ್ವಲ್ಪ ಒಳಗೆ, ಬಸ್ಸು ನುಗ್ಗದ, ಉಳಿದದ್ದೆಲ್ಲ ನುಗ್ಗುವ ರಸ್ತೆ. ಮುಂದೆ ತುಕ್ಕು ಹಿಡಿದ ಶೆಟರಿನ ಎರಡು ಅಂಗಡಿಗಳು, ಎರಡಕ್ಕೂ ಬೀಗ. ಹಿಂದೆ ಅರ್ಧ ಕುಸಿದ ಹೆಂಚಿನ ಮನೆ, ಒಂದು ನುಗ್ಗೆ ಮರ, ಬಟ್ಟೆ ಒಗೆಯುವ ಕಲ್ಲು. ಎದುರಿಗೆ ಬೇಕರಿ, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ, ಅದರ ಪಕ್ಕ ಗ್ಯಾಸ್ ಸ್ಟೌ ರಿಪೇರಿಯವನು. ಬ್ರೋಕರ್ ಅಳತೆ, ಖಾತೆ, ಕಂದಾಯ ಎಂದು ಏನೇನೋ ಹೇಳುತ್ತಿದ್ದ. ನಾನು ಕಿವಿಗೊಟ್ಟದ್ದು ಬೇಕರಿಯ ಮುಂದೆ ನಡೆಯುತ್ತಿದ್ದ ಜಗಳಕ್ಕೆ. ದಿಲ್‌ಪಸಂದಿನಲ್ಲಿ ಕೊಬ್ಬರಿಯೇ ಇಲ್ಲ ಎಂದು ಒಬ್ಬಾತ ಬಾಯಿ ಮಾಡುತ್ತಿದ್ದ. ಬೇಕರಿಯವನು "ತುಮ್ಕೂರಲ್ಲಿ ಕೊಬ್ರಿಗ್ ಬರಾನೇನ್ಲಾ?" ಎಂದು ಕೂಗುತ್ತಿದ್ದ. ನನಗೆ ಎಷ್ಟೋ ತಿಂಗಳ ಮೇಲೆ ನಗು ಬಂತು. ಇದೇ ಜಾಗ ಎಂದೆ.

ಅಳತೆ ಹಿಡಿದಾಗ ಒಂದು ತೊಡಕು ಕಂಡಿತು. ಜಾಗ ರಸ್ತೆಯ ಕಡೆ ಅಗಲ, ಹಿಂದೆ ಕಿರಿದು. ವಾಸ್ತು ನೋಡುವವರು ಬಂದು, ಇದು ಸಿಂಹಮುಖದ ಸೈಟು, ಅಂಗಡಿಗೆ ಭೇಷು, ಆದರೆ ಸಂಸಾರಕ್ಕೆ ಆಗಿಬರುವುದಿಲ್ಲ, ಸಂಸಾರಕ್ಕೆ ಮುಂದೆ ಕಿರಿದಾಗಿ ಹಿಂದೆ ಅಗಲವಾಗುವ ಗೋಮುಖವೇ ಬೇಕು ಎಂದರು. ಕೆಳಗೆ ಅಂಗಡಿ ಮೇಲೆ ಮನೆ ಕಟ್ಟುವವರು ಯಾವ ಮುಖ ನೋಡಬೇಕು ಎಂದು ಕೇಳಿದೆ. ಅವರು ಪಂಚಾಂಗ ತಿರುವಿದರು. ಬ್ರೋಕರ್ ಅವರ ಕಿವಿಯಲ್ಲಿ ನನ್ನ ವಿಷಯ ಉಸುರಿದ. "ಓ, ಒಬ್ರೇನಾ? ಹಂಗಾದ್ರೆ ಸಂಸಾರದ್ ಪ್ರಶ್ನೆ ಇಲ್ವಲ್ಲ, ಧಾರಾಳ್ವಾಗಿ ತಗೊಳಿ" ಎಂದು ಸಂತೋಷದಿಂದ ದಕ್ಷಿಣೆ ತೆಗೆದುಕೊಂಡು ಹೋದರು. ನನ್ನ ಒಂಟಿತನದಿಂದ ಒಂದು ದೋಷ ಪರಿಹಾರವಾದದ್ದು ಅದೊಂದೇ ಸಲ.

ಜಾಗ ಅಣ್ಣತಮ್ಮಂದಿರಿಬ್ಬರದು. ಅವರ ಅಪ್ಪ ಮುಂದಿನ ಅಂಗಡಿಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು ಹಿಂದಿನ ಮನೆಯಲ್ಲಿ ಮಕ್ಕಳನ್ನು ಬೆಳೆಸಿದ್ದರು. ದೊಡ್ಡವನು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಚಿಕ್ಕವನು ಹೆಂಡತಿಯ ಊರಾದ ಕೋರದಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದ. ಮಾತುಕತೆ ಮುಗಿದು, ಎಲೆ ಅಡಿಕೆ ಬದಲಾಯಿಸಿಕೊಂಡು, ಮುಂಗಡ ಕೊಟ್ಟಾದ ಮೇಲೆ ವಕೀಲರು ಕೇಳಿದರು, ಹೆಣ್ಣುಮಕ್ಕಳು ಯಾರೂ ಇಲ್ಲವಾ ಎಂದು. ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಒಬ್ಬ ತಂಗಿ ಇದ್ದಳು. ಕುಣಿಗಲ್ಲಿಗೆ ಕೊಟ್ಟಿತ್ತು. ಅಪ್ಪನ ಆಸ್ತಿ, ಆಕೆಯ ಸಹಿ ಇಲ್ಲದೆ ರಿಜಿಸ್ಟರ್ ಮಾಡಿಸಿಕೊಂಡರೆ ನಾಳೆ ನಾನು ಕೋರ್ಟು ಅಲೆಯಬೇಕಾಗುತ್ತದೆ ಎಂದರು ವಕೀಲರು.

"ಅದೇನ್ ಬುಡಿ ಸಾರ್, ಅರಿಶಿನ ಕುಂಕ್ಮಕ್ಕೆ ಅಂತ ಏನಾರ ಕೊಟ್ರೆ ಬಂದು ಸೈನ್ ಹಾಕ್ತಾಳೆ" ಎಂದ ದೊಡ್ಡವನು.

ಆಕೆ ಬರಲಿಲ್ಲ. ಫೋನಿನಲ್ಲಿ ಕೇಳಿದರೆ ಆಗಲ್ಲ ಎಂದಳಂತೆ. ಪಾಲು ಬೇಕಾ ಎಂದರೆ ಬೇಡ ಎಂದಳಂತೆ. ಮತ್ತೇನು ಎಂದರೆ ಫೋನು ಇಟ್ಟಳಂತೆ. ವಾರಗಳು ಕಳೆದವು. ಬ್ರೋಕರ್ ಬೇರೆ ಜಾಗ ತೋರಿಸುತ್ತೇನೆ ಎಂದ. ನಾನು ಆಗಲೇ ಆ ರಸ್ತೆಗೆ ಹೋಗಿ ಬೇಕರಿಯ ಬೆಂಚಿನ ಮೇಲೆ ಕೂತು ಟೀ ಕುಡಿಯುವುದು ಅಭ್ಯಾಸ ಮಾಡಿಕೊಂಡಿದ್ದೆ. ಬೇಕರಿಯವನು "ಯಾವಾಗ್ ಬರ್ತೀರ ಮೇಡಂ ನಮ್ ರೋಡಿಗೆ?" ಎಂದು ಕೇಳುತ್ತಿದ್ದ. ಯಾವಾಗ ಬರುತ್ತೀರಿ ಎಂದು ನನ್ನನ್ನು ಕೇಳುವವರು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನೊಂದು ಜಾಗ ನೋಡುವ ಶಕ್ತಿ ನನಗಿರಲಿಲ್ಲ. ಹಾಗಾಗಿ ಒಂದು ದಿನ ಯಾರಿಗೂ ಹೇಳದೆ ಕುಣಿಗಲ್ ಬಸ್ಸು ಹತ್ತಿದೆ.

ಬರಿಗೈಯಲ್ಲಿ ಹೋಗಬಾರದು ಎಂಬಷ್ಟು ತಿಳಿವಳಿಕೆ ನನಗಿತ್ತು. ಅದೇ ಎಡವಟ್ಟಾಯಿತು. ಬಾಳೆಹಣ್ಣು, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಮೊಳ ಮಲ್ಲಿಗೆ, ಅರಿಶಿನ ಕುಂಕುಮದ ಪೊಟ್ಟಣ, ಒಳ್ಳೆಯ ರವಿಕೆ ಬಟ್ಟೆ, ಎಲ್ಲವನ್ನೂ ಒಂದು ಸ್ಟೀಲ್ ತಟ್ಟೆಯ ಸಮೇತ ಚೀಲಕ್ಕೆ ಹಾಕಿಕೊಂಡಿದ್ದೆ. ಗೂಳೂರು ದಾಟುವಷ್ಟರಲ್ಲಿ ಏನೇನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಸಾಲು ಸಾಲಾಗಿ ನಿಲ್ಲಿಸಿಕೊಂಡೆ. ಟೂರ್ನಮೆಂಟಿಗೆ ಹೋಗುವಾಗಲೂ ಅಷ್ಟು ತಯಾರಿ ಮಾಡಿದವಳಲ್ಲ.

ಆಕೆ ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವಳು, ಸಣಕಲು ಮೈ, ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡ ಹೆಂಗಸು. ನಾನು ಯಾರೆಂದು ಹೇಳಿದೆ. ಎದ್ದು ಕೈ ತೊಳೆದು ಬಂದು "ಕೂತ್ಕಳಿ ಮೇಡಂ" ಎಂದು ಕುರ್ಚಿ ಹಾಕಿದಳು. ನಾನು ಕೂರದೆ, ತಟ್ಟೆ ತೆಗೆದು, ಎಲ್ಲವನ್ನೂ ಜೋಡಿಸಿ, ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. ಆಕೆ ತಟ್ಟೆ ನೋಡಿದಳು. ಕೈ ಚಾಚಲಿಲ್ಲ.

"ಇದುನ್ನ ತರ್ಬೇಕಾಗಿದ್ದೋರು ನೀವಲ್ಲ."

ಸಿಟ್ಟು ಬಂತು. "ಯಾರ್ ತಂದ್ರೇನಮ್ಮ? ಅರಿಶಿನ ಕುಂಕುಮ ಅರಿಶಿನ ಕುಂಕುಮಾನೇ ತಾನೆ? ತಂದಿದ್ದನ್ನ ಬೇಡ ಅನ್ಬಾರ್ದು" ಎಂದೆ, ಮೈದಾನದ ದನಿಯಲ್ಲೇ.

ಆಕೆ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಕತ್ತು, ಕಾಲ್ಬೆರಳು ನೋಡಿ ಮೆಲ್ಲಗೆ ಕೇಳಿದಳು. "ನಿಮ್ಗೆ ಮದ್ವೆ ಆಗಿಲ್ವಾ ಮೇಡಂ?"

"ಇಲ್ಲ."

"ಅದ್ಕೇ ಗೊತ್ತಾಗ್ಲಿಲ್ಲ ಬುಡಿ."

ಚುಚ್ಚಲೆಂದು ಹೇಳಿದ ಮಾತಲ್ಲ. ಅದಕ್ಕೇ ಆಳವಾಗಿ ನಾಟಿತು. ತಟ್ಟೆಯನ್ನು ಕುರ್ಚಿಯ ಪಕ್ಕ ಇಟ್ಟು ಕೂತೆ. ಆಕೆ ಕಾಫಿ ತಂದುಕೊಟ್ಟು ಮತ್ತೆ ಹುಣಸೆಹಣ್ಣಿನ ಮುಂದೆ ಕುಳಿತಳು. ಕೆಲಸ ಮಾಡುತ್ತ ಮಾಡುತ್ತ ಹೇಳಿದಳು. ಅಪ್ಪ ಇರುವ ತನಕ ಪ್ರತಿ ಗೌರಿ ಹಬ್ಬಕ್ಕೆ ತಾನೇ ಬಸ್ಸಿನಲ್ಲಿ ಬಾಗಿನ ಹಿಡಿದುಕೊಂಡು ಬರುತ್ತಿದ್ದನಂತೆ. ಬಂದವನು ಒಂದು ಲೋಟ ನೀರು ಕುಡಿದು, ಮಗಳನ್ನು ಕರೆದುಕೊಂಡೇ ವಾಪಸು ಬಸ್ಸು ಹತ್ತುತ್ತಿದ್ದನಂತೆ. ಆ ಹೆಂಚಿನ ಮನೆಯಲ್ಲಿ ಎರಡು ದಿನ ಇದ್ದು ಬಂದರೆ ಆಕೆಗೆ ಒಂದು ವರ್ಷಕ್ಕಾಗುತ್ತಿತ್ತು. ಅಪ್ಪ ಹೋದ ಮೇಲೆ ಅಣ್ಣ ಒಂದು ವರ್ಷ ಬೇರೆಯವರ ಕೈಯಲ್ಲಿ ಕಳಿಸಿದ. ಮರುವರ್ಷ ಫೋನಿನಲ್ಲಿ ದುಡ್ಡು ಹಾಕಿದ. ಆಮೇಲೆ ಅದೂ ಇಲ್ಲ.

"ಅರಿಶಿನ ಕುಂಕ್ಮನ ಫೋನಲ್ ಹಾಕಕ್ಕಾಯ್ತದಾ ಮೇಡಂ? ಹೋಗ್ಲಿ, ಬುಟ್ಟಾಕಿ. ಜಾಗ ನಂಗ್ ಬ್ಯಾಡ. ಅದ್ರ ದುಡ್ಡೂ ಬ್ಯಾಡ. ಆದ್ರೆ ಈಗ ಸೈನ್ ಹಾಕ್ಬುಟ್ರೆ ಇನ್ಮ್ಯಾಕೆ ತವರು ಅಂತ ನಾನು ಯಾವ್ ದಿಕ್ಕಿಗೆ ತಿರುಗ್ಲಿ? ಬಿದ್ದೋಗಿರೋ ಮನೆ ಆದ್ರೂ ಅದು ಅಲ್ಲದೆ ಅಂತ ಅನ್ಕತೀನಲ್ಲ, ಅಷ್ಟೇ ನಂಗೆ."

ಬರುವಾಗ ತಟ್ಟೆಯನ್ನು ಚೀಲಕ್ಕೆ ಹಾಕಿ ಅವಳೇ ನನ್ನ ಕೈಗೆ ಕೊಟ್ಟಳು. ಮಲ್ಲಿಗೆಯಲ್ಲಿ ಮಾತ್ರ ಒಂದು ತುಂಡು ಕಿತ್ತುಕೊಂಡು ಮುಡಿದಳು. ಅಷ್ಟು ದೂರದಿಂದ ಬಂದವಳ ಮನಸ್ಸು ನೋಯಬಾರದೆಂದು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಾಳೆಹಣ್ಣು ತಿನ್ನುತ್ತ ಬಂದೆ. ಮತ್ತೇನು ಮಾಡಲಿ? ಬಿಟ್ಟುಹೋದವರಿಗೇ ತವರು ಇರುವುದು. ನಾನು ಅಮ್ಮನನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಅದಕ್ಕೇ ನನಗೆ ತವರೇ ಇರಲಿಲ್ಲ. ಗೌರಿ ಹಬ್ಬದ ದಿನ ಅಕ್ಕಪಕ್ಕದ ಹೆಂಗಸರು ನಮ್ಮ ಮನೆಗೆ ಬಂದು ಅಮ್ಮನಿಗೆ ಎಲೆ ಅಡಿಕೆ ಕೊಟ್ಟು, ನನಗೆ ಹಣೆಗಿಷ್ಟು ಕುಂಕುಮ ಹಚ್ಚಿ ಹೋಗುತ್ತಿದ್ದರು. ನನ್ನ ಮಡಿಲಿಗೆ ಯಾರೂ ಯಾವತ್ತೂ ಒಂದು ಮೊರ ಇಟ್ಟದ್ದಿಲ್ಲ. ಅದನ್ನು ನಾನು ಕೊರತೆ ಎಂದು ಎಣಿಸಿರಲೂ ಇಲ್ಲ. ಆ ಬಸ್ಸಿನಲ್ಲಿ ಮೊದಲ ಸಲ ಹೊಟ್ಟೆ ಉರಿಯಿತು. ಬರದ ಬಾಗಿನಕ್ಕೆ ಕಾಯುವುದಕ್ಕಾದರೂ ಆ ಹೆಂಗಸಿಗೆ ಒಂದು ಹಕ್ಕಿತ್ತಲ್ಲ ಎಂದು.

ಮರುದಿನ ಹಿರೇಹಳ್ಳಿಗೆ ಹೋದೆ. ಊಟದ ಹೊತ್ತಿಗೆ ದೊಡ್ಡವನು ಕಾರ್ಖಾನೆಯ ಗೇಟಿನ ಹೊರಗೆ ಬಂದ. ಜೊತೆಯ ಕೆಲಸಗಾರರು ಟೀ ಗಾಡಿಯ ಮುಂದೆ ನಿಂತಿದ್ದರು. ನಿಂತಿರಲಿ ಎಂದುಕೊಂಡೇ ಬಾಯಿ ಬಿಟ್ಟೆ.

"ಏನಪ್ಪಾ, ಒಡಹುಟ್ಟಿದ ತಂಗಿಗೆ ಒಂದು ಮೊರದ ಬಾಗಿನ ತಗೊಂಡು ಹೋಗಕ್ಕೆ ನಿಮ್ಮಿಬ್ರ ಕಾಲಿಗೆ ಏನಾಗಿತ್ತು? ಸೈನ್ ಬೇಕಾದಾಗ ಮಾತ್ರ ತಂಗಿನಾ?"

"ಮೇಡಂ, ಮೆತ್ಗೆ ಮೇಡಂ, ಎಲ್ಲ ಕೇಳಿಸ್ಕತಾವ್ರೆ."

"ಕೇಳಿಸ್ಕೊಳ್ಳಿ. ಸೀರೆ ತಗೊಂಡು, ಬಾಗಿನ ಕಟ್ಟಿಸ್ಕೊಂಡು ಇಬ್ರೂ ಹೋಗಿ ಕರ್ದು ಬನ್ನಿ. ಇಲ್ದಿದ್ರೆ ನಂಗೆ ನಿಮ್ಮ ಜಾಗಾನೇ ಬೇಡ."

ಕೊನೆಯದು ಸುಳ್ಳು. ನನಗೆ ಆ ಜಾಗ ಉಸಿರಿನಷ್ಟು ಬೇಕಿತ್ತು. ಆದರೆ ಅವನು ತಲೆ ತಗ್ಗಿಸಿಕೊಂಡು "ಹೆಂಗಸ್ರು ಮನೇಲಿ ಇಂಥದ್ದೆಲ್ಲ ನೋಡ್ಕಬೇಕು ಮೇಡಂ, ನಮ್ಗೆ ಜ್ಞಾಪಕ ಇರಲ್ಲ" ಎಂದು ಹೆಂಡತಿಯ ಮೇಲೆ ಹಾಕಲು ನೋಡಿದ. ನಾನು ಸುಮ್ಮನೆ ದಿಟ್ಟಿಸಿದೆ. ಆಯ್ತು ಮೇಡಂ ಎಂದ.

ಅದೇ ವಾರ ಕುಣಿಗಲ್ಲಿನಿಂದ ಫೋನು ಬಂತು. "ಬಂದಿದ್ರು ಮೇಡಂ, ಇಬ್ರೂವೆ. ಹಬ್ಬ ಅಲ್ಲ ಏನಲ್ಲ, ಬಾಗಿನ ತಂದವ್ರೆ. ನೀವೇ ಬೈದು ಕಳ್ಸಿದ್ದು ಅಂತ ಗೊತ್ತಾಯ್ತು." ಮೂಗು ಸೊರಗುಟ್ಟಿದ ಸದ್ದು. "ಸೀರೆ ಬಣ್ಣ ನಂಗೊಪ್ಪಲ್ಲ. ಆದ್ರೂ ಅದುನ್ನೇ ಉಟ್ಕಂಡು ಬಂದು ಸೈನ್ ಹಾಕ್ತೀನಿ."

ಅದೇ ಗಿಳಿಹಸಿರು ಸೀರೆಯುಟ್ಟು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದಳು. ನಿಜವಾಗಿಯೂ ಒಪ್ಪುತ್ತಿರಲಿಲ್ಲ. ಫೋಟೋ ತೆಗೆಸಿ, ಬೆರಳೊತ್ತಿ, ಸಹಿ ಹಾಕಿದಳು. ಅಣ್ಣತಮ್ಮಂದಿರು ಬ್ಯಾಂಕಿನ ಕಡೆ ಹೊರಟರು. ಇವಳು ಮೆಟ್ಟಿಲ ಮೇಲೆ ನನ್ನ ಪಕ್ಕ ನಿಂತು, ಬೇರೆಲ್ಲೋ ನೋಡುತ್ತ ಕೇಳಿದಳು. "ಮೇಡಂ, ತಪ್ಪು ತಿಳ್ಕಬ್ಯಾಡಿ. ಗೌರಿ ಹಬ್ಬದ ದಿನ ಬಂದು ಆ ಜಾಗ್ದಲ್ಲಿ ಒಂದ್ ಗಳಿಗೆ ನಿಂತ್ಕಂಡು ಹೋಗ್ಲಾ?"

ನಾನು ಅವಳ ಕೈ ಹಿಡಿದುಕೊಂಡೆ. ಬಾ ಕಣಮ್ಮ, ಒಂದು ಗಳಿಗೆ ಯಾಕೆ, ಎರಡು ದಿನ ಇರು ಎಂದೆ. ಎಲ್ಲಿ ಇರುವುದು, ಮನೆಯೇ ಇನ್ನೂ ಕಟ್ಟಿಲ್ಲವಲ್ಲ ಎಂದು ಇಬ್ಬರೂ ನಕ್ಕೆವು.

ಆ ವರ್ಷ ಅವಳು ಬಂದಳು. ಅಣ್ಣಂದಿರು ಸಹಿಯಾದ ಮೇಲೆ ಮತ್ತೆ ಮರೆತಿದ್ದರು. ಮೊದಲ ಅಂತಸ್ತಿನ ಮೋಲ್ಡಿಂಗ್ ಆಗಿ ಸೆಂಟ್ರಿಂಗ್ ಮರಗಳು ಇನ್ನೂ ಆಸರೆಗೆ ನಿಂತಿದ್ದವು. ಹಬ್ಬಕ್ಕೆಂದು ಕೆಲಸಕ್ಕೆ ರಜೆ. ಆ ಮರಗಳ ನಡುವೆ ಅವಳು ಓಡಾಡುತ್ತ, ಇಲ್ಲಿ ಒಲೆ ಇತ್ತು, ಇಲ್ಲಿ ಅಪ್ಪ ಮಲಗುತ್ತಿದ್ದ, ಇಲ್ಲಿ ನಾನು ಹುಟ್ಟಿದ್ದಂತೆ ಎಂದು ಬೆರಳು ತೋರಿಸಿದಳು. ನಾನು ಎರಡು ಊಟದ ಡಬ್ಬಿ ಕಟ್ಟಿಕೊಂಡು ಹೋಗಿದ್ದೆ. ಮರಳಿನ ಗುಡ್ಡೆಯ ಮೇಲೆ ಪೇಪರು ಹಾಸಿ ಕೂತು ಒಬ್ಬಟ್ಟು ತಿಂದೆವು. "ಒಬ್ಬಟ್ಟು ಗಟ್ಟಿ ಆಗದೆ ಅಕ್ಕ" ಎಂದಳು. ಮೇಡಂ ಹೋಗಿ ಅಕ್ಕ ಆಗಿತ್ತು. ಒಬ್ಬಟ್ಟು ಗಟ್ಟಿಯಾಗಿದ್ದು ನಿಜ, ನನಗೆ ಅಡುಗೆ ಅಷ್ಟಕ್ಕಷ್ಟೆ. ಸಂಜೆ ಬಸ್ಸು ಹತ್ತಿಸಿ ಬರುವಾಗ, ಬರುವ ವರ್ಷ ಇವಳಿಗೆ ಮೆತ್ತಗಿನ ಒಬ್ಬಟ್ಟು ಮಾಡಿಹಾಕಬೇಕು ಎಂದುಕೊಂಡೆ. ಬರುವ ವರ್ಷಕ್ಕೆ ಎಂದು ನಾನು ಏನನ್ನಾದರೂ ಅಂದುಕೊಂಡು ಬಹಳ ದಿನವಾಗಿತ್ತು.

ಕಟ್ಟಡ ಮುಗಿಯಿತು. ಕೆಳಗಿನದನ್ನು ಲೀಸಿಗೆ ಕೇಳಿಕೊಂಡು ಬಟ್ಟೆ ಅಂಗಡಿಯವರು ಬಂದರು, ಔಷಧಿ ಅಂಗಡಿಯವರು ಬಂದರು. ನಾನು ಕೊಟ್ಟದ್ದು ಹಿಟ್ಟಿನ ಗಿರಣಿಯವನಿಗೆ. ಬ್ರೋಕರ್ ತಲೆ ಚಚ್ಚಿಕೊಂಡ. "ಮೇಡಂ, ಮಿಲ್ ಹಾಕುದ್ರೆ ಮೇಲೆ ಪಾತ್ರೆ ಪಗಡೆ ಎಲ್ಲ ಅದುರ್ತವೆ. ಸುಖವಾಗಿರೋ ಜೀವಕ್ಕೆ ಯಾಕಿದು?" ಎಂದ. ಗಿರಣಿಗೆ ಜನ ಬರುತ್ತಾರೆ, ಬಂದವರು ಹಿಟ್ಟಾಗುವ ತನಕ ಕಾಯುತ್ತಾರೆ. ಬಟ್ಟೆ ಅಂಗಡಿಯ ಮುಂದೆ ಯಾರು ಕೂತು ಕಷ್ಟಸುಖ ಮಾತಾಡುತ್ತಾರೆ? ಇದನ್ನು ಅವನಿಗೆ ವಿವರಿಸಲು ಹೋಗಲಿಲ್ಲ.

ಅಂದುಕೊಂಡ ಹಾಗೇ ಆಯಿತು. ಬೆಳಿಗ್ಗೆ ಶೆಟರು ಎದ್ದ ಕೂಡಲೇ ರಾಗಿ ಚೀಲಗಳು ಬರುತ್ತವೆ. ಮಿಷನ್ನು ಶುರುವಾದರೆ ನನ್ನ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಅನ್ನುತ್ತವೆ. ಹೆಂಗಸರು ನನ್ನ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಾರೆ. ಸೊಸೆಯ ವಿಷಯ, ಸಂಘದ ಕಂತಿನ ವಿಷಯ, ಯಾರದೋ ಮಗಳ ಬಾಣಂತನದ ವಿಷಯ ಮೇಲೇರಿ ಬರುತ್ತದೆ. ನಾನು ತರಕಾರಿ ಹೆಚ್ಚುವುದನ್ನು ಬಾಗಿಲ ಹತ್ತಿರಕ್ಕೆ ವರ್ಗ ಮಾಡಿಕೊಂಡೆ. ಮೊದಮೊದಲು ಹಬ್ಬದ ಹಾಗಿತ್ತು.

ಆದರೆ ಅವರು ಮೆಟ್ಟಿಲ ತಿರುವಿನ ತನಕ ಮಾತ್ರ ಕೂರುತ್ತಿದ್ದರು. ತಿರುವು ದಾಟಿ ಒಬ್ಬರೂ ಮೇಲೆ ಬರಲಿಲ್ಲ. ನಾನು ಇಣುಕಿದರೆ ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮಕ್ಕಳು ಗಲಾಟೆ ಮಾಡಿದರೆ "ಶ್, ಮೇಲೆ ಮೇಡಂ ಅವ್ರೆ, ಸುಮ್ಕಿರ್ರೋ" ಎಂದು ಗದರುತ್ತಿದ್ದರು. ಗದ್ದಲಕ್ಕಾಗಿ ನಾನು ಇದ್ದಬದ್ದದ್ದೆಲ್ಲ ಸುರಿದರೆ, ನನ್ನ ಮೇಲಿನ ಮರ್ಯಾದೆಗೆ ಅವರು ಅದನ್ನು ತಗ್ಗಿಸುತ್ತಿದ್ದರು. ಬನ್ನಿ, ಮೇಲೆ ಬಂದು ಕೂತುಕೊಳ್ಳಿ ಎಂದು ಕರೆದೂ ನೋಡಿದೆ. "ಇರ್ಲಿ ಬುಡಿ ಮೇಡಂ, ನಮ್ದು ಈಗಾಯ್ತದೆ" ಎನ್ನುತ್ತಿದ್ದರು. ಅವರದು ಆಗುತ್ತಿತ್ತು, ಬಿಸಿ ಹಿಟ್ಟಿನ ಚೀಲ ಸೊಂಟಕ್ಕೇರಿಸಿಕೊಂಡು ಹೋಗುತ್ತಿದ್ದರು. ಅವರು ಬರುತ್ತಿದ್ದದ್ದು ಹಿಟ್ಟಿಗೆ. ಇಷ್ಟು ಸಣ್ಣ ವಿಷಯ ನನಗೆ ಮೊದಲು ಹೊಳೆದಿರಲಿಲ್ಲ. ಕೆಳಗಿನ ರಸ್ತೆಯಲ್ಲಿ ಎಷ್ಟು ಜನ ಓಡಾಡಿದರೂ ಅವರಲ್ಲಿ ನನಗೆಂದು ಬರುವವರು ಯಾರೂ ಇರುವುದಿಲ್ಲ. ಬಡಾವಣೆಯಲ್ಲಿ ಇದ್ದಾಗ ಊರಿನ ಮೇಲೆ ತಪ್ಪು ಹೊರಿಸಬಹುದಿತ್ತು. ಇಲ್ಲಿ ಅದೂ ಹೋಯಿತು.

ಆದರೂ ಒಬ್ಬಳಿದ್ದಳಲ್ಲ. ಈ ವರ್ಷ ಗೌರಿ ಹಬ್ಬಕ್ಕೆ ವಾರವಿರುವಾಗಲೇ ನಾನು ಮಂಡಿಪೇಟೆಗೆ ಹೋಗಿ ಮೊರ ಕೊಂಡೆ. ಜನ್ಮದಲ್ಲಿ ಮೊದಲ ಸಲ. ಯಾವುದನ್ನು ನೋಡಿ ಆರಿಸಬೇಕು ಎಂದೂ ಗೊತ್ತಿಲ್ಲದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಅಂಗಡಿಯ ಹೆಂಗಸು ಕೇಳಿದಳು. "ಯಾರ್ಗಮ್ಮ?"

"ನಮ್ಮ ತಂಗಿಗೆ. ಕುಣಿಗಲ್ಲಿಗೆ ಕೊಟ್ಟಿದೀವಿ" ಎಂದೆ. ಆ ಮಾತು ಬಾಯಿಂದ ಬಂದದ್ದಕ್ಕೆ ನನಗೇ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಬಳೆ, ಬಿಚ್ಚೋಲೆ, ಕನ್ನಡಿ, ಬೆಲ್ಲದಚ್ಚು, ಅಕ್ಕಿ, ತೊಗರಿಬೇಳೆ, ಏನೇನು ಹಾಕಬೇಕು ಎಂದು ಅಂಗಡಿಯವಳೇ ಹೇಳಿ ಹಾಕಿಸಿದಳು. ಸೀರೆಯನ್ನು ನಾನೇ ಆರಿಸಿದೆ, ತಂಗಿಗೆ ಒಪ್ಪುವ ಮೆಂತ್ಯದ ಬಣ್ಣದ್ದು. ಮದುವೆಯಾಗದವಳು ಬಾಗಿನ ಕೊಡಬಹುದೋ ಇಲ್ಲವೋ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಇಲ್ಲ ಎಂದುಬಿಟ್ಟಾರು ಎಂಬ ಭಯ. ಹಿಂದಿನ ದಿನ ಒಬ್ಬಟ್ಟಿನ ಕಣಕವನ್ನು ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿಟ್ಟೆ. ಹಬ್ಬದ ದಿನ ಗಿರಣಿಗೆ ರಜೆ. ಬೆಳಿಗ್ಗೆ ಮೆಟ್ಟಿಲು ತೊಳೆದು, ತಿರುವಿನಿಂದ ಬಾಗಿಲ ತನಕ ರಂಗೋಲಿ ಎಳೆ ಎಳೆದು, ಕೆಳಗಿನ ಗೇಟಿನ ಚಿಲಕ ತೆಗೆದಿಟ್ಟು ಕಾದೆ.

ಬಸ್ಸು ಬರುವ ಹೊತ್ತಿಗೆ ಫೋನು ಬಂತು. ಹಿಂದೆ ಮಕ್ಕಳ ಗಲಾಟೆ, ಕಾರಿನ ಹಾರನ್ನು.

"ಅಕ್ಕ, ಬೇಜಾರ್ ಮಾಡ್ಕಬ್ಯಾಡಿ. ಅಣ್ಣ ಬಂದವ್ನೆ ಅಕ್ಕ, ಕಾರ್ ತಗೊಂಡು, ಅತ್ತಿಗೆ ಸಮೇತ. ಬಾಗಿನ ತಂದವ್ರೆ. ಹೋದ್ ವರ್ಷ ನಾನ್ ನಿಮ್ ತಾವ ಬಂದಿದ್ದು ಅವ್ರಿಗೆ ಗೊತ್ತಾಗೋಗದೆ. ಮಾರಿದ್ ಜಾಗಕ್ಕೋಗಿ ಹಬ್ಬ ಮಾಡ್ಕಂಡ್ ಬಂದ್ಳು ಅಂತ ಜನ ಆಡ್ಕಂಡ್ರಂತೆ. ಇನ್ಮ್ಯಾಕೆ ವರ್ಷ ವರ್ಷ ನಾನೇ ಬಂದು ಕರ್ಕಂಡೋಯ್ತೀನಿ ಅಂತಾವ್ನೆ." ಅವಳ ದನಿ ಹುಡುಗಿಯ ದನಿಯಾಗಿತ್ತು. "ನೀವು ಅವತ್ತು ಅಷ್ಟು ಬೈದಿದ್ದಕ್ಕೇ ಅಕ್ಕ ಇದೆಲ್ಲ. ನಾನೇನ್ ಮಾಡ್ಲಿ ಹೇಳಿ? ನೀವ್ ಹೂಂ ಅಂದ್ರೆ ಹೋಯ್ತೀನಿ."

ನಾನು ಹಿರೇಹಳ್ಳಿಯ ಗೇಟಿನ ಮುಂದೆ ನಿಂತು ಕೇಳಿದ್ದು ಇದನ್ನೇ. ಕೇಳಿದ್ದು ಪೂರ್ತಿ ಸಿಕ್ಕಿತ್ತು, ನನಗಲ್ಲ.

"ಹೂಂ ಅನ್ನೋದೇನಮ್ಮ? ತವರಿನಿಂದ ಕರೆಯಕ್ಕೆ ಬಂದವ್ರನ್ನ ಬಾಗಿಲಲ್ಲಿ ನಿಲ್ಲಿಸ್ಕೊಂಡು ಫೋನಲ್ಲಿ ಮಾತಾಡ್ತಿದೀಯಲ್ಲ! ಹೊರಡು, ಹೊರಡು" ಎಂದೆ. ದನಿ ಗಟ್ಟಿಯಾಗಿಯೇ ಬಂತು. ಅದಕ್ಕೆ ಇಷ್ಟು ವರ್ಷದ ಅಭ್ಯಾಸವಿದೆ.

ಫೋನಿಟ್ಟ ಮೇಲೆ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಅಣ್ಣನ ಮೇಲೂ ಬರಲಿಲ್ಲ. ಸಂತೋಷವಾಗಿತ್ತು, ದೇವರಾಣೆಗೂ ಸಂತೋಷವಾಗಿತ್ತು. ಒಬ್ಬಟ್ಟು ತಟ್ಟಿದೆ, ಎಲ್ಲವನ್ನೂ ತಟ್ಟಿದೆ. ಈ ಸಲ ಮೆತ್ತಗೆ ಬಂದಿತ್ತು. ಬೇಕರಿಯವನ ಮನೆಗೆ ಕೊಡೋಣವೆಂದರೆ ಅವನೂ ಅಂಗಡಿ ಮುಚ್ಚಿ ಊರಿಗೆ ಹೋಗಿದ್ದ. ರಸ್ತೆಯಲ್ಲಿ ಹೊಸ ಸೀರೆಯುಟ್ಟ ಹೆಂಗಸರು ಮೊರ ಹಿಡಿದು ತಂತಮ್ಮ ಮನೆಗಳಿಗೆ ಹೋಗುತ್ತಿದ್ದರು. ಒಬ್ಬಿಬ್ಬರು ತಲೆಯೆತ್ತಿ ನೋಡಿ "ಹಬ್ಬ ಆಯ್ತಾ ಮೇಡಂ?" ಎಂದರು. ಆಯ್ತು ಎಂದೆ.

ಅವಳು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೇರೆ ಯಾರೂ ಬರುವವರಿಲ್ಲ ಎಂದೂ ಗೊತ್ತಿತ್ತು. ಆದರೂ ದೀಪ ಹಚ್ಚುವ ಹೊತ್ತಿನ ತನಕ ಕೆಳಗಿನ ಗೇಟಿಗೆ ಚಿಲಕ ಹಾಕಲು ನನಗೆ ಕೈ ಬರಲಿಲ್ಲ.